ನನ್ನ ತಮ್ಮನ ಕಡತದಲ್ಲಿ ನೀವು ಬರೆದ ಒಂದು ಪದ

ಮಹಾಜನಗಳೇ, ಹಿಂದಿನ ಸಾಲಿನವರೇ, ಬಾಗಿಲಲ್ಲಿ ನಿಂತವರೇ, ಕಿವಿಗೊಡಿ! ನಿಮ್ಮೆಲ್ಲರ ಎದುರಿಗೇ ದೊಡ್ಡಾಸ್ಪತ್ರೆಯ ಅಧೀಕ್ಷಕರನ್ನು ಕೇಳುತ್ತಿದ್ದೇನೆ. ಮಾನ್ಯರೇ, ತೊಟ್ಟು ಹೆಂಡ ಮುಟ್ಟದ ನನ್ನ ತಮ್ಮನ ಕಡತದಲ್ಲಿ 'ಕುಡುಕ' ಎಂದು ಬರೆದು, ನಾಲ್ಕು ವರ್ಷ ಚಿಕಿತ್ಸೆ ತಪ್ಪಿಸಿದಿರಲ್ಲ, ಇದು ಯಾವ ನ್ಯಾಯ?

ನಮ್ಮದು ನಾಟಕ ಕಂಪನಿ. ನಾನು ರಾಜ, ಅವನು ಕುಡುಕ. ಇಪ್ಪತ್ತು ವರ್ಷದಿಂದ ಅದೇ ಪಾತ್ರ. ಒಂದು ಮಧ್ಯಾಹ್ನದ ಆಟದಲ್ಲಿ ಹೊಟ್ಟೆ ಹಿಡಿದು ಕುಸಿದ. ನೋವು ಬೆನ್ನಿಗೆ ಇರಿದಿತ್ತು. ಜನ ಚಪ್ಪಾಳೆ ತಟ್ಟಿದರು. ನಾನೂ, ಪಾಪಿ, ನಟನೆಯೆಂದುಕೊಂಡು ನನ್ನ ಮುಂದಿನ ಮಾತು ಹೇಳಿದೆ! ಕೆಂಪು ಬಣ್ಣದ ಮೂಗು, ಹರಕು ಕೋಟು, ಕೈಯಲ್ಲಿ ಆಟದ ಬಾಟಲಿ ಸಮೇತ ನಿಮ್ಮಲ್ಲಿಗೆ ಹೊತ್ತು ತಂದೆವು. ನಿಮ್ಮ ವೈದ್ಯರು ವೇಷ ನೋಡಿದರು, ಬರೆದರು. ಬಾಟಲಿಯನ್ನು ಒಮ್ಮೆ ಮೂಸುವ ಸೌಜನ್ಯವೂ ಬೇಡವೇ?

ಆಮೇಲೆ ಬಂದವರೆಲ್ಲ ಆ ಹಾಳೆಯನ್ನೇ ಓದಿದರು, ಅವನನ್ನಲ್ಲ. ಉಂಡರೆ ನೋವು, ಮುಂದಕ್ಕೆ ಬಾಗಿ ಕೂತರೆ ತುಸು ಸಮಾಧಾನ, ಎಣ್ಣೆ ತೇಲುವ ಭೇದಿ. ಮೈ ಇಳಿದು ಕೋಟಿನೊಳಗೆ ಇನ್ನೊಬ್ಬ ಹಿಡಿಸುವಂತಾಯಿತು. ನೀವು ಕೊಟ್ಟದ್ದು ನೀತಿಬೋಧೆ.

"ಮೊದಲು ಬಿಡಪ್ಪ, ಆಮೇಲೆ ಬಾ."

"ಹಿಡಿದಿದ್ರೆ ತಾನೇ ಸಾರ್ ಬಿಡೋದು?" ಅಂದ. ವಾರ್ಡೆಲ್ಲ ನಕ್ಕಿತು.

ಕೊನೆಗೆ ಬೇರೆಡೆಯ ವೈದ್ಯೆಯೊಬ್ಬರು ಸ್ಕ್ಯಾನ್ ಮಾಡಿಸಿ ಬಿಡಿಸಿ ಹೇಳಿದರು. ಜಠರದ ಹಿಂದಿರುವ ಮೇದೋಜೀರಕ ಗ್ರಂಥಿ ಅನ್ನ ಕರಗಿಸುವ ರಸ ಮಾಡುತ್ತದೆ, ಮೈಯ ಸಕ್ಕರೆಯನ್ನು ಹತೋಟಿಯಲ್ಲಿಡುತ್ತದೆ. ಇವನದು ವರ್ಷಗಟ್ಟಲೆ ಉರಿದುರಿದು ಕಲೆಗಟ್ಟಿದೆ. ಹೋದ ಭಾಗ ಮರಳದು. ಕುಡಿತದಿಂದ ಬರುತ್ತದೆ, ನಿಜ. ವಂಶದಿಂದಲೂ ಬರುತ್ತದೆ, ಕಾರಣವೇ ತಿಳಿಯದೆಯೂ ಬರುತ್ತದೆ. ಪ್ರತಿ ಊಟದ ಜೊತೆ ಜೀರ್ಣರಸದ ಮಾತ್ರೆ ಬೇಕಿತ್ತಂತೆ, ನಾಲ್ಕು ವರ್ಷದ ಹಿಂದೆಯೇ! ಈಗ ಸಕ್ಕರೆ ಕಾಯಿಲೆಯೂ ಹೊಸ್ತಿಲು ದಾಟಿದೆ. ಗ್ರಂಥಿಯ ನಾಳದಲ್ಲಿ ಕೂತ ಕಲ್ಲು ತೆಗೆಯುವ ಸೌಲಭ್ಯ ನಿಮ್ಮಲ್ಲಿ ಮಾತ್ರ ಇದೆ. ಅದೇ ಪದ ತೋರಿಸಿ ಮೊನ್ನೆ ಮತ್ತೆ ವಾಪಸು ಕಳಿಸಿದಿರಿ. ಅಷ್ಟಕ್ಕೂ, ಕುಡಿದವನೇ ಆಗಿದ್ದರೂ ಅವನ ನೋವು ನೋವಲ್ಲವೇ?

ಇದೆಲ್ಲ ಸಹಿಸಿಯೇನು. ಆದರೆ ಆ ಪದದ ಕೆಳಗಿನ ನಿಮ್ಮ ಸಹಿಯನ್ನು ನಂಬಿ ನಾನು ಹೆಂಡ ಹುಡುಕಿ ತಮ್ಮನ ಪೆಟ್ಟಿಗೆ ಜಾಲಾಡಿದೆ, ಸ್ವಾಮಿ! ಅವನು ಬಾಗಿಲಲ್ಲಿ ನಿಂತು ನೋಡುತ್ತಿದ್ದ. "ಬಾಟಲಿ ಕೋಟಿನ ಕೆಳಗಿದೆ ಅಣ್ಣ, ತಗೋ" ಅಂದ. ಅಂದಿನಿಂದ ನನ್ನ ಪಕ್ಕ ಊಟಕ್ಕೆ ಕೂತಿಲ್ಲ.

ಆ ಪದ ಹೊಡೆದುಹಾಕಿ. ಕೆಳಗೆ 'ಕೇಳದೆ ಬರೆದೆವು' ಎಂದು ಬರೆದು ಸಹಿ ಮಾಡಿ. ಕಲ್ಲು ತೆಗೆಯಲು ದಿನ ಕೊಡಿ. ನಾಳೆ ಬೆಳಿಗ್ಗೆ ಬಾಗಿಲು ತೆರೆಯುವ ಹೊತ್ತಿಗೆ ಅವನನ್ನು ಬಣ್ಣವಿಲ್ಲದ ಮುಖದಲ್ಲಿ ಕರೆತರುತ್ತೇನೆ. ಆ ಬಾಟಲಿಯನ್ನು ನಿಮ್ಮ ಮೇಜಿನ ಮೇಲಿಡುತ್ತೇನೆ. ಅವನು ಇಪ್ಪತ್ತು ವರ್ಷ ಕುಡಿದದ್ದೇ ಅದರಲ್ಲಿರುತ್ತದೆ, ಕಪ್ಪು ಚಹಾ. ಮೊದಲು ನೀವು ಮೂಸಿ. ಆಮೇಲೆ ನಾನೂ ಮೂಸುತ್ತೇನೆ, ಅವನ ಎದುರಿಗೇ.

ಇಂತಿ,
ತಮ್ಮನಿಗಿಂತ ಕಾಗದವನ್ನು ನಂಬಿದ ಅಣ್ಣ