ಎಡಕ್ಕೆ ವಾಲಿದ ಮೊಹರು

ಟೋಕಿಯೊ
ಮಾರ್ಚ್ 1958

ಮಾನ್ಯ ಇಸೊಗಾಯ್ ಅವರಿಗೆ,

ಪ್ಲಮ್ ಹೂ ಉದುರಿ ಚಳಿ ಇಳಿದಿದೆ. ನಿಮ್ಮ ಮಂಡಿನೋವೂ ಇಳಿದಿರಬೇಕು.

ಸಚಿವಾಲಯ ಬಿಡುತ್ತಿರುವ ನನಗೆಂದು ಸಕ್ಕರೆ ಕಂಪನಿಯಲ್ಲಿ ನೀವು ಹಿಡಿದಿಟ್ಟಿರುವ ನಿರ್ದೇಶಕರ ಕುರ್ಚಿಯನ್ನು ದಯವಿಟ್ಟು ಬೇರೆಯವರಿಗೆ ಕೊಡಿಸಿ. ಏಪ್ರಿಲ್‌ನಿಂದ ನಾನು ಸೆಂದೈ ನಗರದ ವಿಶ್ವವಿದ್ಯಾಲಯದಲ್ಲಿ ಆರ್ಥಿಕ ಚಿಂತನೆಯ ಇತಿಹಾಸ ಪಾಠ ಮಾಡಲಿದ್ದೇನೆ. "ಸತ್ತ ಅರ್ಥಶಾಸ್ತ್ರಜ್ಞರನ್ನ ಓದಿ ಏನು ಕಡಿದು ಕಟ್ಟೆ ಹಾಕ್ತೀಯಯ್ಯಾ?" ಎಂದು ನೀವು ಛೇಡಿಸುತ್ತಿದ್ದಿರಲ್ಲ, ಆ ಓದೇ ಈಗ ಪುಸ್ತಕವಾಗಿದೆ.

ಪ್ರತಿಗಳ ಕೊನೆಯ ಪುಟಕ್ಕೆ ಅಂಟಿಸಲು ಲೇಖಕನ ಮೊಹರೊತ್ತಿದ ಚೀಟಿ ಬೇಕೆಂದು ಪ್ರಕಾಶಕರು ನಿನ್ನೆ ಖಾಲಿ ಚೀಟಿಗಳ ಕಟ್ಟು ಕಳಿಸಿದ್ದರು. ಮೊದಲ ಚೀಟಿಗೆ ಒತ್ತಿದೆ. ಮೊಹರು ಎಡಕ್ಕೆ ವಾಲಿಕೊಂಡು ಬಿತ್ತು. ಕಡತದಲ್ಲಿ ಕಿರಿಯರ ಮೊಹರು ಎಡಪಕ್ಕದ ಮೇಲಧಿಕಾರಿಯ ಮೊಹರಿಗೆ ತಲೆಬಾಗಿದಂತಿರಬೇಕೆಂದು ನೀವೇ ಕೈಹಿಡಿದು ಕಲಿಸಿದ್ದಲ್ಲವೇ?

ನನ್ನ ಹೆಂಡತಿ ಯಾಸು ನಕ್ಕುಬಿಟ್ಟಳು: "ಅಲ್ಲಾರೀ, ಪಕ್ಕದಲ್ಲಿ ಯಾರ ಮೊಹರೂ ಇಲ್ಲ. ಯಾರಿಗ್ರೀ ತಲೆ ಬಗ್ಗಿಸ್ತಿದ್ದೀರಿ?"

ಉಳಿದವೆಲ್ಲ ನೆಟ್ಟಗೆ ಬಿದ್ದಿವೆ. ನಿಮ್ಮ ಪ್ರತಿಗೆ ಮಾತ್ರ ಆ ವಾಲಿದ ಚೀಟಿಯನ್ನೇ ಅಂಟಿಸಿ ಕಳಿಸುತ್ತಿದ್ದೇನೆ. ಅಂಥದ್ದು ಇನ್ನೊಂದು ನನ್ನ ಕೈಯಿಂದ ಬೀಳುವುದಿಲ್ಲ, ಜೋಪಾನವಾಗಿಟ್ಟುಕೊಳ್ಳಿ.

ಒಂದು ಕಾಲಕ್ಕೆ ನಿಮ್ಮ ಕೈಕೆಳಗಿದ್ದ,
ಕುವಾನೊ ಸೊಕಿಚಿ