ಅಲ್ಲಾಡದ ಬೆರಳು

ಆಸ್ಪತ್ರೆ, ಮಕ್ಕಳ ವಾರ್ಡಿನ ಹೊರಗಿನ ಬೆಂಚು
ಮಂಗಳವಾರ ಮಧ್ಯಾಹ್ನ

ಮಗಳೇ,

ಹೇಗಿದ್ದೀಯ? ಸುರಂಗ ತೋಡುವವರಿಗೆಲ್ಲ ಅಡುಗೆ ಮಾಡಿ ಮಾಡಿ ನಿನ್ನ ಬೆನ್ನುನೋವು ಹೆಚ್ಚಾಗಿರಬೇಕು. ದೊಡ್ಡ ಪಾತ್ರೆ ಒಬ್ಬಳೇ ಎತ್ತಬೇಡ ಎಂದರೆ ನೀನು ಕೇಳುವವಳಲ್ಲ. ನಾನು ಚೆನ್ನಾಗಿದ್ದೇನೆ. ನಿನ್ನ ಮಗಳು, ನಮ್ಮ ಕಪ್ಪೆಮರಿಯ ಜೀವಕ್ಕೂ ಏನೂ ಆಗಿಲ್ಲ. ಇದನ್ನು ಮೊದಲೇ ಬರೆದುಬಿಟ್ಟಿದ್ದೇನೆ, ಮುಂದಿನದನ್ನು ಓದುತ್ತ ಎದೆ ಒಡೆದುಕೊಳ್ಳಬೇಡ.

ಶುಕ್ರವಾರ ನಮ್ಮ ಲಾಂಡ್ರಿಯಲ್ಲಿ, ಬಟ್ಟೆ ಹಿಂಡುವ ಯಂತ್ರದ ಎರಡು ಉರುಳೆಗಳ ನಡುವೆ ಕಪ್ಪೆಮರಿಯ ಬಲಗೈ ಸಿಕ್ಕಿಹಾಕಿಕೊಂಡಿತು. ಗೊಂಬೆಯ ಲಂಗ ಹಿಂಡಲು ಹೋಗಿದ್ದಳಂತೆ ಮಹಾರಾಣಿ! ಮೊಣಕೈವರೆಗೂ ಒಳಗೆ. ಇಸ್ತ್ರಿಯವನು ಓಡಿಬಂದು ಯಂತ್ರ ನಿಲ್ಲಿಸಿ, ಮೇಲಿನ ಉರುಳೆ ಎತ್ತಿ ಬಿಡಿಸಿದ. ನೋಡಿದರೆ ಒಂದು ಹನಿ ರಕ್ತವಿಲ್ಲ, ಚರ್ಮ ಎಲ್ಲೂ ಹರಿದಿಲ್ಲ. ಮನೆಯಲ್ಲೇ ಎಣ್ಣೆ ತಿಕ್ಕೋಣ ಎಂದೆ. ಅವನು ನನ್ನನ್ನೇ ಗದರಿಸಿ, ಬಟ್ಟೆಗಂಟುಗಳ ಮಧ್ಯೆ ಇಬ್ಬರನ್ನೂ ವ್ಯಾನಿನಲ್ಲಿ ತುಂಬಿಕೊಂಡು ಇಲ್ಲಿಗೆ ತಂದ. ಅಷ್ಟರಲ್ಲಿ ಕೈ ಊದಿ ಹಲಗೆಯ ಹಾಗೆ ಬಿಗಿದಿತ್ತು.

ಡಾಕ್ಟರಮ್ಮ ನಿನಗಿಂತ ಚಿಕ್ಕವಳು. ಕೈ ಕೊಯ್ಯಬೇಕು ಎಂದಳು. “ಗಾಯವೇ ಇಲ್ಲದ ಕೈಗೆ ನೀನೇ ಗಾಯ ಮಾಡ್ತೀಯೇನಮ್ಮಾ?” ಎಂದು ಕೂಗಾಡಿದೆ. ಅವಳು ಬೇಸರಿಸದೆ, “ಅಜ್ಜೀ, ಒಳಗಿನ ಮಾಂಸ ಜಜ್ಜಿ ಊದ್ತಾ ಇದೆ, ಚರ್ಮ ಜಾಗ ಬಿಡ್ತಿಲ್ಲ. ರಕ್ತ ಓಡದಿದ್ರೆ ಕೈ ಸಾಯುತ್ತೆ” ಎಂದಳು. ತಲೆಬುಡ ತಿಳಿಯಲಿಲ್ಲ. ಕೈ ಸಾಯುತ್ತೆ ಅನ್ನುವುದೊಂದು ಕಿವಿಗೆ ಬಿತ್ತು, ಸಹಿ ಹಾಕಿದೆ. ಈಗ ಉದ್ದಕ್ಕೆ ಸೀಳಿ, ಹೊಲಿಯದೆ ಹಾಗೇ ಬಟ್ಟೆ ಸುತ್ತಿಟ್ಟಿದ್ದಾರೆ. ಊತ ಇಳಿದ ಮೇಲೆ ಹೊಲಿಗೆಯಂತೆ. ಗಿರಾಕಿಯ ಹರಿದ ಅಂಗಿಯನ್ನೂ ನಾನು ಹಾಗೆ ಬಿಟ್ಟವಳಲ್ಲ. ಅದು ಸಾಲದೆಂದು ನರ್ಸು ಬಂದು ಬಂದು ಉಚ್ಚೆಯ ಬಣ್ಣ ನೋಡುತ್ತಾಳೆ. ಜಜ್ಜಿದ್ದು ಕೈ, ನೋಡುವುದು ಉಚ್ಚೆ! ಜಜ್ಜಿದ ಮಾಂಸದ ಕೊಳೆ ರಕ್ತದಲ್ಲಿ ಸೇರಿ ಕಿಡ್ನಿ ಕೆಡಿಸಬಹುದಂತೆ. ಇರಬಹುದು. ಮೂರನೇ ಕ್ಲಾಸಿಗೆ ಬಿಟ್ಟವಳು ನಾನು, ಏನು ವಾದಿಸಲಿ?

ಈಗಿನ ಚಿಂತೆ ಬೆರಳಿನದು. “ಬೆರಳು ಅಲ್ಲಾಡಿಸು ಚಿನ್ನಾ” ಎಂದು ಡಾಕ್ಟರಮ್ಮ ದಿನಾ ಕೇಳುತ್ತಾಳೆ. ಒಂದೂ ಅಲ್ಲಾಡುವುದಿಲ್ಲ. ಸೂಜಿ ಮುಟ್ಟಿಸಿದರೆ ಅಯ್ಯೋ ಅನ್ನುತ್ತಾಳೆ. ನೋವು ತಿಳಿಯುವ ಬೆರಳಿಗೆ ಅಲ್ಲಾಡಲು ಏನು ರೋಗ? ಡಾಕ್ಟರಮ್ಮನಿಗೂ ಗೊಂದಲ. ನರ ಹೋಗಿದ್ದರೆ ಮತ್ತೆ ಕೊಯ್ದು ನೋಡಬೇಕಂತೆ, ನಾಡಿದ್ದು. ಒಪ್ಪಲೋ ಬೇಡವೋ ತಿಳಿಯದೆ ಕೂತಿದ್ದೇನೆ. ರಜೆ ಕೊಟ್ಟರೆ ಬಾ, ಕೊಡದಿದ್ದರೆ ಜಗಳವಾಡಿ ಬಾ.

ನಿನಗೆ ದೇವರು ಗಟ್ಟಿ ಎದೆ ಕೊಡಲಿ. ಹೊತ್ತಿಗೆ ಸರಿಯಾಗಿ ಉಣ್ಣು. ಜೊತೆಯವರನ್ನೆಲ್ಲ ಕೇಳಿದೆ ಎಂದು ಹೇಳು.

ನಿನ್ನ ಅಮ್ಮ

ತಾ.ಕ.: ನಿಮ್ಮ ಕ್ಯಾಂಪಿಗೆ ಸಾಮಾನಿನ ಜೊತೆ ಈ ಕಾಗದವನ್ನೂ ತರುವ ಲಾರಿಯವನು ಅವಸರ ಮಾಡುತ್ತಿದ್ದಾನೆ, ಆದರೂ ಇದನ್ನು ಬರೆಯಲೇಬೇಕು. ಈಗಷ್ಟೇ ಮಗು ನರ್ಸಿನ ಕಿವಿಯಲ್ಲಿ, “ಅಲ್ಲಾಡಿಸಿದ್ರೆ ಅಜ್ಜಿ ಕೈ ಮುರೀತಾಳೆ” ಅಂದಿತಂತೆ. ನಿಜ, ಜಜ್ಜಿದ ಕೈ ಅಲುಗದಿರಲಿ ಎಂದು ವ್ಯಾನಿನಲ್ಲಿ ನಾನೇ ಕಿರುಚಿದ್ದೆ, “ಒಂದು ಬೆರಳು ಅಲ್ಲಾಡಿಸಿದ್ರೂ ಮುರೀತೀನಿ” ಎಂದು. ಯಾವತ್ತೂ ನನ್ನ ಮಾತು ಕೇಳದ ಪೋರಿ ಇದೊಂದನ್ನು ಕೇಳಬೇಕೇ! ಓಡಿಹೋಗಿ “ಅಲ್ಲಾಡಿಸೇ” ಎಂದೆ. ನಾಲ್ಕು ಬೆರಳು ಅಲ್ಲಾಡಿದವು. ಕಿರುಬೆರಳು ಇಲ್ಲ. ನರ ಹೋಗಿಯೋ, ನನ್ನ ಭಯಕ್ಕೋ, ಡಾಕ್ಟರಮ್ಮನಿಗೂ ಗೊತ್ತಿಲ್ಲ. ಕೊಯ್ಯುವುದನ್ನು ಸ್ವಲ್ಪ ಮುಂದಕ್ಕೆ ಹಾಕಿದ್ದಾಳೆ, ಅಷ್ಟೇ. ಮೆತ್ತಗೆ ಹೇಳಿ ನೋಡಿದೆ, ನನ್ನ ಮೆತ್ತನೆ ದನಿ ಕೇಳಿ ಮಗು ಇನ್ನೂ ಹೆದರಿತು. ನೀನು ಬರುವುದು ಯಾವಾಗಲೋ. ಇದೇ ಲಾರಿಯವನ ಕೈಯಲ್ಲಿ ಅವಳಿಗೆ ಎರಡು ಸಾಲು ಕಳಿಸು, ದೊಡ್ಡ ಅಕ್ಷರದಲ್ಲಿ, ಓದಿಕೊಳ್ಳುತ್ತಾಳೆ. ಅಜ್ಜಿ ಬಾಯಲ್ಲಿ ಅನ್ನುತ್ತಾಳೆ, ಮುರಿಯುವುದಿಲ್ಲ ಎಂದು ಬರೆ. ಚಿಕ್ಕಂದಿನಲ್ಲಿ ನಿನ್ನ ಕೈ ಮುರಿಯುತ್ತೇನೆಂದು ದಿನಕ್ಕೆ ಹತ್ತು ಸಲ ಹೇಳುತ್ತಿದ್ದೆ, ಎರಡೂ ಇವೆಯಲ್ಲ, ಅದನ್ನೂ ಬರೆ.