ಗೋಡೆಯ ಆ ಮಗ್ಗುಲು

ಮಾರೇನಹಳ್ಳಿ,
ಗೋಡೆಯ ಈ ಕಡೆಯಿಂದ

ಅಣ್ಣನಿಗೆ ನಮಸ್ಕಾರ.

ಮೇಜಿನ ಮೇಲೆ ಗೊಂಬೆ ಸೈನಿಕರನ್ನಿಟ್ಟು ಆಡುವ ಯುದ್ಧದಾಟಕ್ಕೆ ನಾನು ಥರ್ಮಾಕೋಲಿನಲ್ಲಿ ಊರಿನ ಗೋಡೆಗಳನ್ನು ಮಾಡುತ್ತೇನೆ. ಈ ಸಲ ನಮ್ಮಿಬ್ಬರ ಮನೆ ನಡುವಿನ ಕಾಂಪೌಂಡನ್ನೇ ಮೂರಿಂಚು ಎತ್ತರಕ್ಕೆ ಮಾಡಿದೆ. ಗಾರೆ, ಬಣ್ಣ, ಮೇಲಿನ ಗಾಜಿನ ಚೂರು ಎಲ್ಲ ಸರಿಯಾಗಿ ಬಂತು. ಜೊತೆಗೆ ಆಡುವ ವೀರೇಶ ಅದನ್ನು ತಿರುಗಿಸಿ ನೋಡಿ, “ಆ ಕಡೆ ಏನೂ ಮಾಡೇ ಇಲ್ವಲ್ಲ ಗುರು, ನನ್ನ ಸೈನಿಕರು ನಿಲ್ಲೋದು ಅಲ್ಲೇ ತಾನೆ?” ಎಂದ.

ಆಸ್ತಿ ಪಾಲಾದ ಮೇಲೆ, ಆರು ವರ್ಷದಿಂದ, ಆ ಕಡೆಯನ್ನು ನಾನು ನೋಡಿಲ್ಲ. ಗೋಡೆ ಕಟ್ಟಿಸಿದವನು ನಾನೇ. ಗಾರೆ ಮಾಡಿಸಿದ್ದು ನನ್ನ ಕಡೆ ಮಾತ್ರ. ನಿನ್ನ ಕಡೆ ಇನ್ನೂ ಇಟ್ಟಿಗೆಯೇ ಕಾಣುತ್ತಿದ್ದರೆ ತಿಳಿಸು, ಭಾನುವಾರ ಮೇಸ್ತ್ರಿಯನ್ನು ಕಳಿಸುತ್ತೇನೆ. ಅವನು ನಿನ್ನ ಗೇಟಿನಿಂದಲೇ ಬರಬೇಕು. ಸಿಮೆಂಟು ಚೀಲ ಹೊರಲು ಜೊತೆಗೆ ನಾನಿರುತ್ತೇನೆ.

ನಿನ್ನ ತಮ್ಮ,
ಮುನಿರಾಜು